ಮುಂದೆ ನಡೆಯುವವಳ ಮೂಗು

ಆಗೆಲ್ಲ ಬೆಳಗೋಡಿಗೆ ಹೋಗುವ ಬಸ್ಸು ಹಿಡಿಯಲು ಎಸ್ಟೇಟಿನ ಕಾಲುದಾರಿಯಲ್ಲೇ ನಡೆಯಬೇಕಿತ್ತು. ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳಲ್ಲಿ ಯಾರ ಮೂಗು ಚುರುಕೋ ಅವರು ಮುಂದೆ. ತಿರುವು ಬಂದಾಗ ನಿಂತು ಗಾಳಿ ಮೂಸಬೇಕು. ಕಾಫಿ ಗಿಡಗಳೊಳಗೆ ನಿಂತ ಆನೆ ಕಾಣುವುದಿಲ್ಲ, ಸದ್ದೂ ಮಾಡುವುದಿಲ್ಲ. ವಾಸನೆ ಮಾತ್ರ ಬರುತ್ತದೆ: ಹುಳಿ ಬಂದ ಹುಲ್ಲು, ಒದ್ದೆ ಗೋಣಿಚೀಲ. ಮುಂದೆ ನಡೆಯುತ್ತಿದ್ದವಳು ನಾನು. ಹಾಗೆಂದು ನೆನಪು. ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಆ ವರ್ಷ ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಯಿತು. ನನಗೆ ಸೀನೋ ಸೀನು.

"ಈ ಸಲ ಹೂವಿಗೆ ವಾಸ್ನೇನೇ ಇಲ್ಲ ಕಣವ್ವ," ಎಂದೆ.

ಅಕ್ಕಿ ಆರಿಸುತ್ತಿದ್ದ ಅವ್ವನ ಕೈ ನಿಂತಿತು. ಒಂದು ಬಟ್ಟೆ ಚೂರು ತಂದು ನನ್ನ ಮೂಗಿಗೆ ಹಿಡಿದಳು.

"ಇದು?"

"ಏನದು? ಬರೀ ಬಟ್ಟೆ."

"ಸೀಮೆಎಣ್ಣೆ ಕಣೇ, ಮಾರಾಯ್ತಿ! ಎಷ್ಟು ದಿನದಿಂದ ಹಿಂಗೈತೆ? ಈ ಮೂಗಿಟ್ಕೊಂಡು ಮುಂದೆ ನಡೀತಿದ್ಯಾ?"

ಹಾಸನದ ಡಾಕ್ಟರು ಬೆಳಕು ಬಿಟ್ಟು ನೋಡಿದರು. ಅಲರ್ಜಿಯಿಂದ ಒಳಗೆಲ್ಲ ಊದಿಕೊಂಡಿದೆ, ವಾಸನೆ ಮೇಲಕ್ಕೆ ತಲುಪುತ್ತಿಲ್ಲ ಎಂದರು. ಉಪ್ಪುನೀರಿನಲ್ಲಿ ತೊಳೆದು ದಿನವೂ ಸ್ಪ್ರೇ ಹಾಕಬೇಕು. ಅಲ್ಲೇ ಒಮ್ಮೆ ಹಾಕಿ ತೋರಿಸಿದರು, ನಾನು ಜೋರಾಗಿ ಎಳೆದುಕೊಂಡೆ. ಎಲ್ಲ ಗಂಟಲಿಗಿಳಿದು ಕಹಿಯಾಯಿತು.

"ಎಳೀಬೇಡ, ತಲೆ ಬಗ್ಗಿಸು. ಇದು ನಿಧಾನದ ಔಷಧಿ."

"ನಿಧಾನ ಅಂದ್ರೆ ಹೆಂಗೆ ಸಾರ್? ಆನೆ ಕಾಯ್ತದಾ?"

ಡಾಕ್ಟರು ನಕ್ಕರು. ಅವ್ವ ನಗಲಿಲ್ಲ.

ಮಾರನೆಯ ದಿನದಿಂದ ಅವ್ವನೇ ಮುಂದೆ. ಒಂದು ಬೆಳಗ್ಗೆ ತಿರುವಿನಲ್ಲಿ ತಟ್ಟನೆ ನಿಂತಳು. ನಾನು ಮೂಸಿದೆ. ಏನೂ ಇಲ್ಲ. ಆಮೇಲೆ ಹೂಗಿಡಗಳು ಅಲುಗಿದವು. ನಾವು ಮುಂದಿನ ಹೆಜ್ಜೆ ಇಡಬೇಕಿದ್ದಲ್ಲಿ ಬೂದು ಗೋಡೆಯೊಂದು ದಾರಿ ದಾಟಿತು. ಬೆನ್ನ ಮೇಲೆ ಬಿಳಿ ಎಸಳುಗಳಿದ್ದವು.

ವಾಸನೆ ಮರಳಿತು, ಮೊದಲು ಬೆಳ್ಳುಳ್ಳಿ, ಆಮೇಲೆ ಉಳಿದದ್ದು. ಅಷ್ಟರಲ್ಲಿ ಹೂವು ಕಂದಿ ಉದುರಿತ್ತು.

ಈಗ ಹೂ ಅರಳುವ ಮೊದಲೇ ಸ್ಪ್ರೇ ಶುರು ಮಾಡುತ್ತೇನೆ, ಮೂಗು ಅಷ್ಟಾಗಿ ಕಟ್ಟುವುದಿಲ್ಲ. ಆನೆ ಎಲ್ಲಿದೆ ಎಂಬ ಸುದ್ದಿ ಅರಣ್ಯ ಇಲಾಖೆಯಿಂದ ಫೋನಿಗೇ ಬರುತ್ತದೆ. ಆದರೆ ಆ ಬೆಳಗು ನೆನಪಾದಾಗಲೆಲ್ಲ ಹುಳಿ ಹುಲ್ಲು, ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯುತ್ತದೆ. ಅವತ್ತು ನನ್ನ ಮೂಗು ಮುಚ್ಚಿತ್ತಲ್ಲ? ಈಚೆಗೆ ಅವ್ವನನ್ನು ಕೇಳಿದೆ: "ಅವತ್ತು ನಿಂಗೆ ವಾಸ್ನೆ ಬಂದು ನಿಂತೆ, ಅಲ್ವಾ?"

"ಎಲ್ಲಿ ಬಂತು? ಆ ಹೂವಿನ ಘಮದಲ್ಲಿ ಏನ್ ಗೊತ್ತಾಗ್ತದೆ? ಸೆರಗು ಗಿಡಕ್ಕೆ ಸಿಕ್ಕಾಕ್ಕೊಂಬುಡ್ತು. ಬಿಡಿಸ್ಕೊಳಕ್ಕೆ ನಿಂತೆ ಕಣೇ."

ಮೂಗು ನನಗೆ ವಾಪಸು ಸಿಕ್ಕಿತು. ಮುಂದೆ ನಡೆಯುವವರಿಗೆ ಗೊತ್ತಿರುತ್ತದೆ ಎಂಬ ಧೈರ್ಯ ಹೋಯಿತು. ಈಗಲೂ ಆ ತಿರುವಿನಲ್ಲಿ ನಿಲ್ಲುತ್ತೇನೆ. ಹೂವಿನ ಘಮ ಚೆನ್ನಾಗಿ ಬರುತ್ತದೆ. ಅದರ ಹಿಂದೆ ಏನು ನಿಂತಿದೆಯೋ, ಅದರ ವಾಸನೆ ಬರುವುದಿಲ್ಲ.