ಚಂದ್ರಿ ಯಾರ ಪಾಲಿಗೆ?

ಹುಲ್ಲಿನೊಳಗೆ ಹಣ್ಣಾಗುವ ಕೆಂಪು ಬಾಳೆಯ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ನಾನು ಇವತ್ತಿಗೂ ನಿಂತುಬಿಡುತ್ತೇನೆ. ಕಮಲಾಪುರದ ನಮ್ಮ ಮನೆಯ ಕತ್ತಲ ಕೋಣೆಯ ವಾಸನೆ ಅದು. ಬಿರುಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಕಲ್ಲಿನ ನೆಲ, ಅದರ ಮೇಲೆ ದಪ್ಪಗೆ ಹಾಸಿದ ಹುಲ್ಲು, ಹುಲ್ಲಿನ ಹೊಟ್ಟೆಯಲ್ಲಿ ತೋಟದಿಂದ ಬಂದ ಗೊನೆಗಳು. ಹೊಸ್ತಿಲ ಹತ್ತಿರ ಚಂದ್ರಿ ಕೂತಿರುತ್ತಿದ್ದಳು. ನನಗೊಂದು, ತನ್ನ ಮಗಳು ಲಚಮಿಗೊಂದು ಹಣ್ಣು ಸುಲಿದು ಕೊಡುತ್ತಿದ್ದಳು. ನಾನು ಹೊಸ್ತಿಲ ಒಳಗೆ ಕೂತು ತಿನ್ನುತ್ತಿದ್ದೆ, ಲಚಮಿ ಹೊರಗೆ. ಹಾಗೇಕೆ ಎಂದು ನಾವಿಬ್ಬರೂ ಕೇಳಿದ್ದಿಲ್ಲ. ನಿಮ್ಮ ಹಿರಿಯರ ಮನೆಗಳಲ್ಲೂ ಅಂಥವರು ಇದ್ದಿರಬಹುದು. ಹಿತ್ತಿಲ ಬಾವಿಯ ಹಾಗೆ, ಯಾವಾಗ ಬಂದರೆಂದು ಯಾರೂ ಕೇಳದವರು.

ಚಂದ್ರಿ ಬಂದದ್ದು ನನ್ನ ಆಯಿಯ, ಅಂದರೆ ಅಪ್ಪನ ತಾಯಿಯ ಮದುವೆಯಲ್ಲಿ, ತವರಿನ ಬಳುವಳಿಯಾಗಿ. ಹಿತ್ತಾಳೆಯ ಹಂಡೆ, ಒಂದು ಆಕಳು, ಜೊತೆಗೆ ಇನ್ನೂ ಹಾಲುಹಲ್ಲು ಬೀಳದ ಈ ಹುಡುಗಿ. "ನನ್ನ ಸಂಗಾಟ ಬಂದಾಕಿ" ಎಂದು ಆಯಿ ಆಕಳ ಬಗ್ಗೆ ಹೇಳುವ ದನಿಯಲ್ಲೇ ಅವಳ ಬಗ್ಗೆಯೂ ಹೇಳುತ್ತಿದ್ದಳು. ಪ್ರೀತಿ ಇರಲಿಲ್ಲವೆಂದಲ್ಲ. ಆಯಿಯ ತಲೆಗೆ ಎಣ್ಣೆ ಒತ್ತಲು ಚಂದ್ರಿಯ ಕೈಯೇ ಆಗಬೇಕಿತ್ತು. ಚಂದ್ರಿಗೆ ಜ್ವರ ಬಂದರೆ ಆಯಿ ತಾನೇ ಕಷಾಯ ಕುದಿಸುತ್ತಿದ್ದಳು. ಮನೆಯ ಒಕ್ಕಲಾಳಿಗೇ ಅವಳನ್ನು ಕಟ್ಟಿದ್ದರು. ಅವನು ಪ್ಲೇಗಿನಲ್ಲಿ ಹೋದ. ಉಳಿದದ್ದು ಲಚಮಿ. ನನಗಿಂತ ಸ್ವಲ್ಪ ದೊಡ್ಡವಳು, ನಕ್ಕರೆ ಮುಖಕ್ಕೆ ಕೈ ಅಡ್ಡ ಹಿಡಿಯುವವಳು.

ನಿಜಾಮರ ಕಾಲ ಅದು. ಅಪ್ಪ ಊರಲ್ಲಿ ಹೊಲ ತೋಟ ನೋಡುತ್ತಿದ್ದ. ಅವನ ತಮ್ಮ, ಅಂದರೆ ನನ್ನ ಕಾಕಾ, ಹೈದರಾಬಾದಿನಲ್ಲಿ ಓದಿ ಬಂದು ಕಲಬುರಗಿಯಲ್ಲಿ ವಕೀಲಿ ಮಾಡುತ್ತಿದ್ದ. ಅವರ ತಂಗಿ ಗೌರತ್ತಿಯ ಮದುವೆ ಹುಮನಾಬಾದಿನ ಮನೆತನದಲ್ಲಿ ಗೊತ್ತಾದಾಗ, ಲಚಮಿ ಮದುಮಗಳ ಸಂಗಡ ಹೋಗತಕ್ಕದ್ದೆಂದು ಆಯಿ ಹೇಳಿದಳು. ಹಬ್ಬಕ್ಕೆ ಬಂದಿದ್ದ ಕಾಕಾ ಊಟಕ್ಕೆ ಕೂತಲ್ಲಿಯೇ ತಲೆಯೆತ್ತಿದ.

"ಕಡಲಾಚಿ ಒಂದ ದೇಶದಾಗ ಇದೇ ಮಾತಿಗಿ ಅಣ್ಣತಮ್ಮಂದಿರು ದಂಡ ಕಟ್ಟಿ ಬಡದಾಡ್ಯಾರ, ಅಣ್ಣಾ. ಮನುಷ್ಯಾರನ್ನ ಇಟ್ಕೊಳ್ಳಾದು ನಮ್ಮ ಹಕ್ಕು ಅಂದವರು ಒಂದ ಕಡಿ, ತಪ್ಪು ಅಂದವರು ಒಂದ ಕಡಿ. ಇಡೀ ದೇಶ ಎರಡಾಗಿತ್ತು."

"ಅವರ ದೇಶ ಒಡದರ ಒಡೀಲಿ. ನೀ ನನ್ನ ಮನಿ ಒಡೀಬ್ಯಾಡ," ಎಂದ ಅಪ್ಪ. "ಬೀಗರಿಗಿ ಮಾತ ಕೊಟ್ಟೀನಿ."

"ಯಾರ ಮಗಳನ್ನ ಕೊಡ್ತೀನಂತ ಮಾತ ಕೊಟ್ಟಿ?"

ಅಪ್ಪ ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದ. ಕೈಗೆ ನೀರು ಹಾಕಲು ಚಂದ್ರಿ ಚರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಷ್ಟು ಮಾತಿನಲ್ಲಿ ಯಾರೂ ಅವಳ ಕಡೆ ನೋಡಿರಲಿಲ್ಲ.

ಆಮೇಲೆ ನಮ್ಮ ಮನೆಯ ಸದ್ದೇ ಬದಲಾಯಿತು. ಬೀಸುವ ಕಲ್ಲಿನ ಮುಂದೆ ಹಾಡು ನಿಂತಿತು. ನಾನು ಕಾಲಿಟ್ಟರೆ ಅಡುಗೆಮನೆಯ ಮಾತು ಥಟ್ಟನೆ ನಿಲ್ಲುತ್ತಿತ್ತು. ಅವ್ವ ಲಚಮಿಗೆ ತನ್ನ ಹಳೆಯ ಸೀರೆಯೊಂದನ್ನು ಕೊಟ್ಟದ್ದನ್ನು ಆಯಿ ನೋಡಿದಳು. ಅಂದಿನಿಂದ ಉಗ್ರಾಣದ ಬೀಗದ ಕೈ ಅವ್ವನ ಸೊಂಟದಿಂದ ಆಯಿಯ ಸೊಂಟಕ್ಕೆ ಹೋಯಿತು.

ಮದುವೆಯ ಜವಳಿಗೆಂದು ಎಲ್ಲರೂ ಗಾಡಿ ಕಟ್ಟಿಕೊಂಡು ಕಲಬುರಗಿಗೆ ಹೋದೆವು. ಕಾಕಾನ ಬಾಡಿಗೆ ಮನೆ ಸ್ಟೇಷನ್ನಿಗೆ ದೂರವಿರಲಿಲ್ಲ. ರೈಲಿನ ಸಿಳ್ಳು ಕೇಳಿದಾಗೆಲ್ಲ ನಾನೂ ಲಚಮಿಯೂ ಕಟ್ಟೆಗೆ ಓಡುತ್ತಿದ್ದೆವು. ಮರುದಿನ ಬೆಳಿಗ್ಗೆ ತಾಯಿ ಮಗಳು ಕೊಡ ಹೊತ್ತು ನೀರಿಗೆ ಹೋದರು. ಬಿಸಿಲೇರಿದ ಮೇಲೆ ಚಂದ್ರಿ ಒಬ್ಬಳೇ ಬಂದಳು, ತಲೆಯ ಮೇಲೊಂದು ಕೊಡ, ಬಗಲಲ್ಲೊಂದು. ಕೊಡ ಇಳಿಸುತ್ತ ತಾನೇ, "ಲಚಮಿ ಹಿಂದ ಬರಾಕತ್ತಿದ್ಲು" ಎಂದಳು. ಲಚಮಿ ಬರಲಿಲ್ಲ.

ಅಪ್ಪ ಮೊದಲು ನೋಡಿದ್ದು ಕಾಕಾನ ಮುಖ. ತನ್ನ ಹಟ ಗೆಲ್ಲಿಸಿಕೊಳ್ಳಲು ತಮ್ಮನೇ ಹುಡುಗಿಯನ್ನು ಅಡಗಿಸಿದ್ದಾನೆ ಎಂದು ಅವನ ಲೆಕ್ಕ. ಕಾಕಾನಿಗೋ, ಅಣ್ಣನೇ ಅವಳನ್ನು ಗುಟ್ಟಾಗಿ ಹುಮನಾಬಾದಿಗೆ ಸಾಗಿಸಿ ಈಗ ನಾಟಕ ಆಡುತ್ತಿದ್ದಾನೆಂಬ ಗುಮಾನಿ. ಆಯಿ ಅವ್ವನನ್ನು ದಿಟ್ಟಿಸಿದಳು. ಗೌರತ್ತಿ ಯಾರನ್ನೂ ನೋಡದೆ ಅತ್ತಳು. ಚಂದ್ರಿಯನ್ನು ಕೂರಿಸಿ, ಪಾಪ, ಮಗಳನ್ನು ಕಳಕೊಂಡವಳು ಎಂದು ನೀರು ಕುಡಿಸಿದರು.

ಮದುವೆ ಆಯಿತು. ಆದರೆ ಕೊಟ್ಟ ಮಾತು ನುಂಗಿದ ಮನೆ ನಮ್ಮದೆಂದು ಬೀಗರು ಗೌರತ್ತಿಯನ್ನು ತವರಿಗೆ ಕಳಿಸುವುದನ್ನೇ ಬಿಟ್ಟರು. ನಾಗರಪಂಚಮಿಗೆ ಕಟ್ಟುತ್ತಿದ್ದ ಜೋಕಾಲಿ ಅಟ್ಟದ ಮೇಲೆ ಧೂಳು ತಿಂದಿತು. ಅದೇ ಕೊರಗಿನಲ್ಲಿ ಆಯಿ ಹಾಸಿಗೆ ಹಿಡಿದಳು. ಕೊನೆಯತನಕ ಅವಳ ಮೈ ಒರೆಸಿದವಳು ಚಂದ್ರಿಯೇ.

ಆಯಿಯ ದಿನಗಳು ಮುಗಿದ ಮೇಲೆ ಅಣ್ಣತಮ್ಮಂದಿರು ಪಾಲಿಗೆ ಕೂತರು. ಊರ ಹಿರಿಯರು ಪಡಸಾಲೆಯಲ್ಲಿ ಕೂತು ಹೊಲ, ತೋಟ, ಎತ್ತು, ಹಂಡೆ ಎಲ್ಲ ಹಂಚಿದರು. ಕೊನೆಗೆ ಅಪ್ಪ, "ಚಂದ್ರಿ ನಮ್ಮವ್ವನ ಸಂಗಾಟ ಬಂದಾಕಿ. ಹಿರೇಮಗನ ಪಾಲಿಗೇ ಬರ್ತಾಳ" ಎಂದ.

"ನಿನ್ನ ಕೈಯಾಗ ಅಕಿನ್ನ ಬಿಡಾಂಗಿಲ್ಲ," ಎಂದ ಕಾಕಾ. "ಚಂದ್ರಿ ನನ್ನ ಕಡಿಗಿ ಬರ್ಲಿ."

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಚಂದ್ರಿ ಮೊರ ಕೆಳಗಿಟ್ಟು ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಲಚಮಿನ್ನ ನಾನೇ ಕಳಿಸೀನ್ರಿ ಯಪ್ಪಾ. ಸೊಲ್ಲಾಪುರಕ್ಕ. ನಮ್ಮ ಪೈಕಿ ಒಬ್ಬಾಕಿ ಅಲ್ಲಿ ಗಿರಣ್ಯಾಗ ದುಡೀತಾಳ. ಅಕಿ ಕೈಯಾಗ ಕೊಟ್ಟು ಉಗಿಬಂಡಿ ಹತ್ತಿಸೀನಿ. ಈಗ ನಾನೂ ಅಲ್ಲಿಗೇ ಹೊಂಟೀನಿ."

ಹಿರಿಯರಲ್ಲೊಬ್ಬರು ನಕ್ಕುಬಿಟ್ಟರು. ಅಪ್ಪ ಚಂದ್ರಿಯನ್ನಲ್ಲ, ಕಾಕಾನನ್ನೇ ನೋಡುತ್ತ ಕೇಳಿದ: "ಹಿಂಗ ಹೇಳಂತ ನಿನಗ ಯಾರು ಕಲಿಸಿಕೊಟ್ಟಾರ?"

"ಅಂವಗ ಹೆದರಬ್ಯಾಡ ಚಂದ್ರಿ, ಖರೆ ಏನದ ಹೇಳು," ಎಂದ ಕಾಕಾ.

"ಖರೇನೇ ಹೇಳೀನ್ರಿ," ಎಂದಳು.

ಯಾರೂ ನಂಬಲಿಲ್ಲ. ನೀನು ಹೇಳಿಸಿದ್ದು, ನೀನು ಹೇಳಿಸಿದ್ದು ಎಂದು ಅಣ್ಣತಮ್ಮಂದಿರು ಎದ್ದು ನಿಂತು ಕೂಗಾಡತೊಡಗಿದರು. ಆ ಗದ್ದಲದಲ್ಲಿ ಚಂದ್ರಿ ಹಿತ್ತಿಲಿಗೆ ಹೋಗಿ ಗಂಟು ತಂದಳು. ಮುಂಬಾಗಿಲಿನಿಂದಲೇ ಹೊರಬಿದ್ದಳು. ನಾನು ಹಿಂದೆ ಓಡಿದೆ.

"ಇಷ್ಟ ದಿನ ಯಾಕ ಹೇಳಲಿಲ್ಲ, ಚಂದ್ರಿ?"

"ನನ್ನ ಯಾರೂ ಕೇಳಲಿಲ್ಲಲ್ಲವ್ವಾ," ಎಂದು ನನ್ನ ಕೆನ್ನೆ ಸವರಿ, ಕಲಬುರಗಿಯ ದಾರಿ ಹಿಡಿದಳು.

ಮನೆಯ ನಡುವೆ ಗೋಡೆ ಎದ್ದಿತು. ತಮ್ಮನೇ ಮಾಡಿದ್ದೆಂದು ಅಪ್ಪನೂ, ಅಣ್ಣನೇ ಮಾಡಿದ್ದೆಂದು ಕಾಕಾನೂ ನಂಬಿಕೊಂಡೇ ಕಣ್ಣು ಮುಚ್ಚಿದರು. ಒಬ್ಬರ ಮಣ್ಣಿಗೆ ಇನ್ನೊಬ್ಬರು ಹೋಗಲಿಲ್ಲ. ಗೋಡೆಯ ಎರಡೂ ಬದಿಯ ಮಾಳಿಗೆ ಈಗ ಕುಸಿದಿದೆ.

ನನ್ನ ಮಕ್ಕಳು ದೊಡ್ಡವರಾದ ಮೇಲೆ ಯಾವುದೋ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದೆ. ಸಂಜೆ ಗಿರಣಿ ಬಿಡುವ ಹೊತ್ತಿಗೆ ಬಾಗಿಲ ಬಳಿ ನಿಂತೆ. ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡ ಹೆಂಗಸರು ಗುಂಪು ಗುಂಪಾಗಿ ಹೊರಬಂದರು. ನನ್ನ ವಾರಿಗೆಯವಳೊಬ್ಬಳು ಗೆಳತಿಯ ಮಾತಿಗೆ ನಗುತ್ತ, ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವಳ ನಗು ನಿಂತಿತು.

"ಯಾರ ಬೇಕಾಗಿತ್ರಿ?"

"ಲಚಮಿ ಅಂತ. ಕಮಲಾಪುರದಾಕಿ."

ನನ್ನ ಸೀರೆ, ಬಳೆ, ಕಾಲಿನ ಚಪ್ಪಲಿಯವರೆಗೂ ಅವಳು ನಿಧಾನವಾಗಿ ನೋಡಿದಳು. ಅಂಥವರು ಯಾರೂ ಇಲ್ಲಿಲ್ಲ ಎಂದಳು. ಗೆಳತಿಯ ಕೈ ಹಿಡಿದು ಬೇಗ ಬೇಗ ನಡೆದಳು. ಗಲ್ಲಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ, ನಾನು ಹಿಂಬಾಲಿಸಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮರೆಯಾದಳು.