ಮೂಗಮ್ಮನ ಮೀನು ಹೋಟೆಲು

ನನ್ನ ದೊಡ್ಡಮ್ಮನನ್ನು ಊರೆಲ್ಲ ಮೂಗಮ್ಮ ಎನ್ನುತ್ತಿತ್ತು. ಮಾತು ಬಾರದವಳೆಂದಲ್ಲ, ಅವಳು ಮಾತಿಗೆ ಕೂತರೆ ಎದುರಿನವರ ಬಾಯಿಗೆ ಬೀಗವೇ. ಹಳೇ ಪೇಟೆಯ ಅವಳ ಮೀನು ಹೋಟೆಲು ನಡೆಯುತ್ತಿದ್ದುದೇ ಅವಳ ಮೂಗಿನ ಮೇಲೆ, ಅದಕ್ಕೇ ಆ ಹೆಸರು. ಇದು ತಿಳಿಯದ ಹೊಸಬನೊಬ್ಬ, ಪಾಪ, ಕೈಸನ್ನೆಯಲ್ಲೇ ಊಟ ಕೇಳಿದ್ದ. ಅವಳೂ ಸನ್ನೆ ಮಾಡುತ್ತಲೇ ಬಡಿಸಿ, ಕೊನೆಗೆ "ಇನ್ನೊಂಚೂರು ಸಾರು ಹಾಕ್ಲಾ?" ಎಂದಾಗ ತುತ್ತು ಅವನ ಕೈಯಲ್ಲೇ ನಿಂತಿತು.

ಬೆಳಿಗ್ಗೆ ಬುಟ್ಟಿ ಬಂದೊಡನೆ ಒಂದೊಂದು ಮೀನಿನ ಕಿವಿರನ್ನೂ ಎತ್ತಿ ಮೂಸುತ್ತಿದ್ದಳು. ಅನುಮಾನ ಬಂದರೆ ಬುಟ್ಟಿ ವಾಪಸ್ಸು, ಬಾಗಿಲಿಗೆ 'ಇವತ್ತು ಮೀನಿಲ್ಲ' ಎಂಬ ಹಲಗೆ. ಮೀನು ಹೋಟೆಲಲ್ಲಿ ಮೀನಿಲ್ಲವಂತೆ ಎಂದು ಮೊದಮೊದಲು ಜನ ನಕ್ಕರು. ಆಮೇಲೆ ಆ ಹಲಗೆಯನ್ನು ನಂಬಿಯೇ ಬೀದಿಯವರೆಗೆ ಸಾಲು ನಿಂತರು. ಒಲೆ ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ, ನನ್ನ ಮಾವ. ಅಕ್ಕ ಹೂಂ ಎನ್ನದೆ ಅವನು ಬಾಣಲೆ ಮುಟ್ಟುತ್ತಿರಲಿಲ್ಲ.

ಒಂದು ವರ್ಷ ದೊಡ್ಡಮ್ಮನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಅವಳ ಮೂಗಿಗೆ ವಾಸನೆ ತಿಳಿಯುವುದು ಮಾತ್ರ ಮರಳಲಿಲ್ಲ. ಹೇಳಿದರೆ ಹೋಟೆಲೇ ಹೋಗುತ್ತದೆಂದು ಅವಳು ಯಾರಿಗೂ ಹೇಳಲಿಲ್ಲ. ಎಂದಿನಂತೆ ಕಿವಿರು ಎತ್ತುವಳು, ಮೂಸುವಳು, ತಲೆಯಾಡಿಸುವಳು. ಅವಳು ಕೆಟ್ಟದ್ದನ್ನು ಒಳ್ಳೆಯದೆಂದ ದಿನ ಮಾವ ತುಟಿಪಿಟಕ್ಕೆನ್ನದೆ ಅದನ್ನು ಹಿಂಬಾಗಿಲಿನಿಂದ ಒಯ್ದು ಎಸೆದು, ಬೇರೆ ಮೀನು ತರುತ್ತಿದ್ದ.

ಮಾವ ಸೊಂಟ ಹಿಡಿದು ಮಲಗಿದ ದಿನ ಅಡಿಗೆಗೆ ದೊಡ್ಡಮ್ಮನೇ ನಿಂತಳು. ಮೂಲೆ ಮೇಜಿನ ಮೇಷ್ಟ್ರು, ಮುಳ್ಳನ್ನೂ ಚೀಪದೆ ಬಿಡದವರು, ಒಂದೇ ತುತ್ತಿಗೆ ತಟ್ಟೆ ಸರಿಸಿದರು.

"ಯಾಕೆ ಮೇಷ್ಟ್ರೇ?"

"ಯಾಕೋ ಹಸಿವಿಲ್ಲಮ್ಮ."

"ನನ್ ಹತ್ರ ಸುಳ್ಳು ಬೇಡ. ಮೀನು ಕೆಟ್ಟಿದ್ಯಾ?"

ಮೇಷ್ಟ್ರು ತಲೆ ತಗ್ಗಿಸಿದರು. ದೊಡ್ಡಮ್ಮ ಎಲ್ಲ ಮೇಜುಗಳಿಂದ ತಟ್ಟೆ ಎತ್ತಿದಳು, ಒಬ್ಬೊಬ್ಬರಲ್ಲೂ ಕ್ಷಮೆ ಕೇಳಿದಳು, ಹೋಗಿ ಹಲಗೆ ನೇತುಹಾಕಿದಳು. ಆ ಹಲಗೆ ಮತ್ತೆ ಇಳಿಯಲಿಲ್ಲ. ಒಂದು ದಿನದ ತಪ್ಪಿಗೆ ಜೀವಮಾನದ ಹೋಟೆಲು ಮುಚ್ಚುವುದೇ ಎಂದು ನನಗಂತೂ ಸಿಟ್ಟೇ ಬಂದಿತ್ತು.

ಅಂದು ಸಂಜೆ ಮಾವ ಗೋಡೆ ಹಿಡಿದುಕೊಂಡು ಬಂದ.

"ಮುಚ್ಬೇಡ ಅಕ್ಕ. ನನ್ ಮೂಗಿದೆಯಲ್ಲ. ಇಷ್ಟು ದಿನ ನಾನೇ ನೋಡ್ಕೊಳ್ತಿದ್ನಲ್ಲ."

ದೊಡ್ಡಮ್ಮ ತೊಳೆಯುತ್ತಿದ್ದ ತಟ್ಟೆ ಕೆಳಗಿಟ್ಟಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನೀನು ನೊಂದ್ಕೊತೀಯ ಅಂತ ಸುಮ್ನಿದ್ದೆ."

"ಜನ ನನ್ ಮೂಗು ನಂಬ್ಕೊಂಡು ಬರ್ತಿದ್ರು ಕಣೋ," ಎಂದಳು ದೊಡ್ಡಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ನಾನೂ ಬಾಯಿ ಬಿಡ್ಲಿಲ್ಲ, ನೀನೂ ಬಿಡ್ಲಿಲ್ಲ. ಕೊನೆಗೂ ಇಬ್ರೂ ಮೂಗರೇ ಆದ್ವಲ್ಲೋ."