ಗೋರಿಕಲ್ಲು ನಿಲ್ಲಿಸಿದ ದುರ್ಗವ್ವ

ದುರ್ಗವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಕಲ್ಲಿನಲ್ಲಿ ಕೊರೆದ ಅಕ್ಷರದ ಮೇಲೆ ಬೆರಳಾಡಿಸಿ, ಯಾವುದು ಎಷ್ಟು ಸವೆದಿದೆ ಎಂದು ಹೇಳಿಬಿಡುತ್ತಿದ್ದಳು. ಬೆಟಗೇರಿಯ ಓಣಿಗಳಲ್ಲಿ ಮನೆಮನೆಯ ಬೀಸುವ ಕಲ್ಲನ್ನು ಉಳಿಯಿಂದ ಹರಿತ ಮಾಡಿಕೊಡುವುದು ಅವಳ ಕಸುಬು. ಗಂಡ ತೀರಿಕೊಂಡ ದಿನದಿಂದ ಅವನ ಸುತ್ತಿಗೆಯನ್ನು ತಾನೇ ಹಿಡಿದಿದ್ದಳು.

ಸ್ವಾತಂತ್ರ್ಯ ಬಂದ ಹೊಸತು. ಕೆಲವು ತರುಣರು ಹುರುಪಿನಲ್ಲಿ ಊರಾಚೆಯ ಕ್ರೈಸ್ತರ ಸ್ಮಶಾನಕ್ಕೆ ನುಗ್ಗಿ, ಬಿಳಿಯರ ಗುರುತೆಂದು ಗೋರಿಕಲ್ಲುಗಳನ್ನು ಒಡೆದು ಕೆಡವಿದರು. ಮರುದಿನ ದುರ್ಗವ್ವ ನನ್ನ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

"ಮಾಸ್ತರ್ರ, ನೀವು ಇಂಗ್ಲೀಷ್ ಓದೀರಿ. ನರ್ಸಬಾಯಿ ಕಲ್ಲು ಯಾವ್ದಂತ ತೋರಸ್ರಿ."

ಊರಿನ ಎಷ್ಟೋ ಹೆರಿಗೆ ಮಾಡಿಸಿ, ಇಲ್ಲೇ ಮಣ್ಣಾದ ಬಿಳಿಯ ಹೆಂಗಸು ಆಕೆ. ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ದುರ್ಗವ್ವನ ಮಗಳನ್ನು ಬದುಕಿಸಿಕೊಟ್ಟಿದ್ದಳು. ಅವಳ ಕಲ್ಲು ಮೂರು ತುಂಡಾಗಿತ್ತು. ದುರ್ಗವ್ವ ತುಂಡುಗಳಿಗೆ ತೂತು ಕೊರೆದು, ಕಬ್ಬಿಣದ ಸರಳು ಕೂಡಿಸಿ, ಸೀಸ ಕಾಸಿ ಹೊಯ್ದಳು.

ಕಲ್ಲು ಒಡೆದವರ ಮುಂದಾಳು ಪರಸಪ್ಪ ಬಂದು ಗಾರೆಯ ಬುಟ್ಟಿಯನ್ನು ಒದ್ದ. "ಹೋದವ್ರ ಕಲ್ಲು ಯಾಕ ನಿಂದರಸ್ತಿ?"

"ರಾಜ್ಯ ಆಳಿದವ್ರು ಹೋದ್ರು. ಸತ್ತಾಕಿ ಎಲ್ಲಿ ಹೋಗ್ತಾಳಲೇ? ನೀ ಹುಟ್ಟಿದಾಗ ನಿನ್ನ ಮೊದಲ ಯಾರು ಎತ್ತಿಕೊಂಡ್ರು, ನಿಮ್ಮವ್ವನ್ನ ಕೇಳು ಹೋಗು."

ಅವನು ತಿರುಗಿ ಹೋದ. ಮರುದಿನ ಅವನ ತಾಯಿಯೇ ಗಾರೆ ಕಲಸಲು ಒಂದು ಕೊಡ ನೀರು ಹೊತ್ತು ಬಂದಳು. ಆಮೇಲೆ ಯಾರೂ ಅಡ್ಡಿ ಮಾಡಲಿಲ್ಲ.

ನರ್ಸಬಾಯಿಯ ಕಲ್ಲು ನಿಂತಿತು; ಇನ್ನು ಸಾಕಲ್ಲವೇ ಎಂದೆ.

"ಒಂದಽ ನಿಂದರಿಸಿ ಉಳಿದದ್ದು ಬಿಟ್ಟರ ಆಕಿನಽ ನನ್ನ ಬೈತಾಳ್ರಿ."

ವಾರಕ್ಕೊಂದು ದಿನ ಸ್ಮಶಾನಕ್ಕೆ ಮೀಸಲಿಟ್ಟಳು. ನಾನು ಹೆಸರು ಓದುತ್ತಿದ್ದೆ, ಅವಳು ತುಂಡು ಹೊಂದಿಸುತ್ತಿದ್ದಳು. ಎಲ್ಲ ಮುಗಿಯಲು ಎರಡು ವರ್ಷ ಹಿಡಿಯಿತು.

ನಾಡು ಒಂದಾದ ವರ್ಷ ನನಗೆ ಮುಂಡರಗಿಗೆ ವರ್ಗವಾಯಿತು. ಅವಳು ಶಿರಹಟ್ಟಿಯಲ್ಲಿ ಮಗಳ ಮನೆ ಸೇರಿದಳು. ಬಹಳ ದಿನಗಳ ನಂತರ ನೋಡಲು ಹೋದಾಗ ಅವಳ ಕಣ್ಣು ಮಂಜಾಗಿತ್ತು.

"ಎಲ್ಲಾ ನಿಂತಾವೇನ್ರಿ?"

ಬರುವ ದಾರಿಯಲ್ಲಿ ಸ್ಮಶಾನ ನೋಡಿಯೇ ಬಂದಿದ್ದೆ; ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೂಲಿಯಾಗಿಂದು ಒಂದು ವಾಲೇತವ್ವಾ."

ಮಗಳು ಬೇಡವೆಂದರೂ ದುರ್ಗವ್ವ ಮರುದಿನ ನನ್ನೊಡನೆ ಬೆಟಗೇರಿಯ ಬಸ್ಸು ಹತ್ತಿದಳು. ಸ್ಮಶಾನದ ಹತ್ತಿರ ಸಿಕ್ಕ ಇಬ್ಬರನ್ನು ಕರೆದು ಕಲ್ಲು ಹಿಡಿಸಿದಳು. ತಾನು ಮಂಡಿಯೂರಿ ಬುಡಕ್ಕೆ ಜಲ್ಲಿ ತುಂಬಿ ಬಡಿದಳು. ಎದ್ದು ನಿಂತು ಎರಡೂ ಕೈಯಿಂದ ಒಮ್ಮೆ ಜೋರಾಗಿ ನೂಕಿ ನೋಡಿದಳು. ಕಲ್ಲು ಅಲುಗಲಿಲ್ಲ.

"ಆತು, ನಡೀರಿ," ಎಂದಳು.

ಆಮೇಲೆ ಶಿರಹಟ್ಟಿಯಿಂದ ಬಂದದ್ದು ಅವಳ ಸಾವಿನ ಖಬರ.